ನಿಂತ ಬಂಡೆ ಮೇಲೇರುವಂತೆ ಕಾಣುವುದೇಕೆ?

ಮಳೆಗಾಲದಲ್ಲಿ ಜೋಗದ ಜಲಪಾತವನ್ನು ನೋಡಿ ಬಂದವರಲ್ಲಿ ಕೆಲವರು ಒಂದು ವಿಚಿತ್ರವಾದ ಅನುಭವವನ್ನು ಹೇಳುವುದುಂಟು. ಧುಮ್ಮಿಕ್ಕುವ ನೀರನ್ನು ಒಂದು ನಿಮಿಷದಷ್ಟು ಕಾಲ ನೆಟ್ಟ ನೋಟದಿಂದ ನೋಡಿ, ಅನಂತರ ಪಕ್ಕದ ಬಂಡೆಯ ಕಡೆಗೆ ದೃಷ್ಟಿಯನ್ನು ಹೊರಳಿಸಿದರೆ, ಆ ಬಂಡೆ ಮೆಲ್ಲನೆ ಮೇಲಕ್ಕೆ ಏರುತ್ತಿರುವಂತೆ ತೋರುತ್ತದೆ. ಬಂಡೆ ಅಲ್ಲಿಯೇ ಇದೆ ಎಂದು ಬುದ್ಧಿಗೆ ಗೊತ್ತು. ಆದರೂ ಕಣ್ಣು ಬೇರೆಯದನ್ನೇ ಹೇಳುತ್ತದೆ. ಕೆಲವು ಕ್ಷಣಗಳಲ್ಲಿ ಆ ಚಲನೆ ನಿಧಾನವಾಗಿ ಅಡಗಿ, ಬಂಡೆ ಮತ್ತೆ ಬಂಡೆಯಾಗಿ ನಿಲ್ಲುತ್ತದೆ.

ಇದು ರೋಗವೇ? ಕಣ್ಣಿನ ದೋಷವೇ? ಮಿದುಳಿನ ದೌರ್ಬಲ್ಯವೇ? ಈ ಪ್ರಶ್ನೆಗಳು ಕೇವಲ ಕುತೂಹಲದವಲ್ಲ. ನಮ್ಮ ಬಳಿಗೆ ಬರುವ ಹಿರಿಯರಲ್ಲಿ ಎರಡು ಬಗೆಯವರನ್ನು ನಾವು ಕಾಣುತ್ತೇವೆ. ಬಸ್ಸಿನ ಕಿಟಕಿಯಿಂದ ಬಹಳ ಹೊತ್ತು ಹೊರಗೆ ನೋಡುತ್ತಿದ್ದು, ಬಸ್ಸು ನಿಂತ ಮೇಲೆ ಎದುರಿನ ಗೋಡೆ ತುಸು ಮುಂದಕ್ಕೆ ಸರಿದಂತೆ ಕಂಡಿತೆಂದು ಗಾಬರಿಯಾಗಿ ಬರುವವರು ಒಂದು ಬಗೆ. ತಲೆ ಗಿರ್ರೆಂದು ತಿರುಗಿ, ಮಾತು ತೊದಲಿ, ಕೈ ಸೋತು ಹೋದರೂ "ಪಿತ್ತ ಏರಿರಬೇಕು" ಎಂದು ನಿಂಬೆಹಣ್ಣಿನ ಪಾನಕ ಕುಡಿದು ಮಲಗುವವರು ಇನ್ನೊಂದು ಬಗೆ. ಮೊದಲನೆಯವರು ಹೆದರಬೇಕಾದುದಿಲ್ಲ, ಎರಡನೆಯವರು ಒಂದು ಗಳಿಗೆಯೂ ತಡಮಾಡುವಂತಿಲ್ಲ. ಇವೆರಡರ ಅಂತರವನ್ನು ಅರಿಯಬೇಕಾದರೆ, ಆರೋಗ್ಯವಂತನ ಕಣ್ಣೂ ಇಲ್ಲದ ಚಲನೆಯನ್ನು ಹೇಗೆ ತೋರಿಸುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಈ ತಿಂಗಳ ಪಾಠದಲ್ಲಿ ಅದನ್ನೇ ವಿವೇಚಿಸೋಣ.

ಹಳೆಯ ಅವಲೋಕನಗಳು

ಈ ಭ್ರಮೆ ಇಂದು ನಿನ್ನೆ ಕಂಡುಬಂದುದಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಕನಸುಗಳನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನು ಪ್ರಸ್ತಾಪಿಸಿದ್ದಾನೆ. ಹರಿಯುವ ನದಿಯನ್ನು, ಅದರಲ್ಲಿಯೂ ವೇಗವಾಗಿ ಹರಿಯುವ ನದಿಯನ್ನು ನೋಡಿ ದೃಷ್ಟಿಯನ್ನು ತಿರುಗಿಸಿದವರಿಗೆ ನಿಂತ ವಸ್ತುಗಳೂ ಚಲಿಸುವಂತೆ ಕಾಣುತ್ತವೆ ಎಂಬುದು ಅವನು ಗಮನಿಸಿದ ಸಂಗತಿ. 19ನೆಯ ಶತಮಾನದ ಮೊದಲ ದಶಕಗಳಲ್ಲಿ ಬೊಹೆಮಿಯಾದ ಶರೀರಕ್ರಿಯಾ ವಿಜ್ಞಾನಿ ಪುರ್ಕಿಂಜೆ, ಕುದುರೆ ಸವಾರರ ಉದ್ದನೆಯ ಮೆರವಣಿಗೆಯನ್ನು ಬಹಳ ಹೊತ್ತು ನೋಡಿದ ಮೇಲೆ ಎದುರು ಸಾಲಿನ ಮನೆಗಳು ವಿರುದ್ಧ ದಿಕ್ಕಿಗೆ ಸರಿಯುವಂತೆ ತೋರುವುದನ್ನು ದಾಖಲಿಸಿದನು.

ಆದರೆ ಈ ಅನುಭವಕ್ಕೆ ಹೆಸರು ದೊರಕಿದುದು ಒಂದು ಜಲಪಾತದಿಂದ. ಸ್ಕಾಟ್ಲೆಂಡಿನಲ್ಲಿ ನೆಸ್ ಎಂಬ ಸರೋವರದ ಸಮೀಪದಲ್ಲಿ ಫಾಯರ್ಸ್ ಎಂಬ ಜಲಪಾತವಿದೆ. ರಾಬರ್ಟ್ ಆಡಮ್ಸ್ ಎಂಬ ವಿಜ್ಞಾನ ಉಪನ್ಯಾಸಕನು ಬೀಳುವ ನೀರಿನ ಒಂದು ಭಾಗದ ಮೇಲೆ ಕೆಲವು ಸೆಕೆಂಡುಗಳ ಕಾಲ ದೃಷ್ಟಿಯನ್ನು ನೆಟ್ಟು, ಅನಂತರ ಒಮ್ಮೆಲೇ ಎಡಗಡೆಯ ಕಪ್ಪು ಬಂಡೆಗಳ ಕಡೆಗೆ ನೋಡಿದನು. ನೀರು ಎಷ್ಟು ವೇಗವಾಗಿ ಇಳಿಯುತ್ತಿತ್ತೋ ಅಷ್ಟೇ ವೇಗದಿಂದ ಬಂಡೆಗಳು ಮೇಲೇರುವಂತೆ ಅವನಿಗೆ ಕಂಡವು. ಈ ವಿವರವನ್ನು ಅವನು 1834ರಲ್ಲಿ ಪ್ರಕಟಿಸಿದನು. ಮುಂದೆ ಇದು "ಜಲಪಾತ ಭ್ರಮೆ" ಎಂದು ಪ್ರಸಿದ್ಧವಾಯಿತು.

ಕಣ್ಣುಗುಡ್ಡೆಯ ಚಲನೆಯೇ ಕಾರಣವೇ?

ಕಾರಣವನ್ನೂ ಆಡಮ್ಸ್ ಊಹಿಸಿದನು. ಬೀಳುವ ನೀರನ್ನು ಹಿಂಬಾಲಿಸಿ ಕಣ್ಣುಗುಡ್ಡೆಗಳು ನಮಗರಿವಿಲ್ಲದೆ ಕೆಳಗೆ ಕೆಳಗೆ ಚಲಿಸುತ್ತವೆ. ನೋಟವನ್ನು ಬಂಡೆಗೆ ತಿರುಗಿಸಿದ ಮೇಲೂ ಆ ರೂಢಿ ಮುಂದುವರಿಯುತ್ತದೆ. ಆದುದರಿಂದ ಬಂಡೆ ಮೇಲೆ ಹೋದಂತೆ ಕಾಣುತ್ತದೆ ಎಂಬುದು ಅವನ ಅಭಿಪ್ರಾಯ. ಕೇಳಲು ಇದು ಯುಕ್ತವಾಗಿಯೇ ಇದೆ. ಆದರೆ ಬೆಲ್ಜಿಯಂ ದೇಶದ ಭೌತವಿಜ್ಞಾನಿ ಜೋಸೆಫ್ ಪ್ಲಾಟೋ 1849ರಲ್ಲಿ ವಿವರಿಸಿದ ಪ್ರಯೋಗವೊಂದು ಈ ಊಹೆಯನ್ನು ನಿಲ್ಲಗೊಡಲಿಲ್ಲ. ಆ ವೇಳೆಗೆ ಪ್ಲಾಟೋ ತನ್ನ ಎರಡೂ ಕಣ್ಣುಗಳ ದೃಷ್ಟಿಯನ್ನು ಕಳೆದುಕೊಂಡಿದ್ದನು. ದೃಷ್ಟಿಯ ಗುಟ್ಟೊಂದನ್ನು ಬಿಡಿಸುವ ಪ್ರಯೋಗವನ್ನು ಕಣ್ಣಿಲ್ಲದವನೊಬ್ಬನು ರೂಪಿಸಿದನೆಂಬುದು ನೆನಪಿನಲ್ಲಿಡತಕ್ಕ ಸಂಗತಿ.

ಪ್ರಯೋಗ ಸರಳವಾದುದು. ದುಂಡಗಿನ ಬಿಲ್ಲೆಯ ಮೇಲೆ ನಡುವಿನಿಂದ ಅಂಚಿನವರೆಗೆ ಸುರುಳಿಯೊಂದನ್ನು ಬರೆದು ಅದನ್ನು ತಿರುಗಿಸಬೇಕು. ತಿರುಗುವ ದಿಕ್ಕಿಗೆ ಅನುಸಾರವಾಗಿ ಸುರುಳಿ ಒಳಕ್ಕೆ ಸೇರುವಂತೆ ಅಥವಾ ಹೊರಕ್ಕೆ ಹಬ್ಬುವಂತೆ ಕಾಣುತ್ತದೆ. ಅದರ ನಡುಬಿಂದುವನ್ನು ಒಂದು ನಿಮಿಷ ನೋಡಿ ನಿಂತ ವಸ್ತುವಿನ ಕಡೆಗೆ ತಿರುಗಿದರೆ, ಒಳಕ್ಕೆ ಸೇರುವುದನ್ನು ನೋಡಿದವರಿಗೆ ಆ ವಸ್ತು ಉಬ್ಬುವಂತೆಯೂ, ಹೊರಕ್ಕೆ ಹಬ್ಬುವುದನ್ನು ನೋಡಿದವರಿಗೆ ಕುಗ್ಗುವಂತೆಯೂ ತೋರುತ್ತದೆ. ವಸ್ತು ಉಬ್ಬುವುದೆಂದರೆ ಅದರ ಮೇಲಿನ ಅಂಚು ಮೇಲಕ್ಕೆ, ಕೆಳಗಿನದು ಕೆಳಕ್ಕೆ, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಏಕಕಾಲದಲ್ಲಿ ಸರಿದಂತೆ ಕಾಣುವುದು. ಒಂದು ಕಣ್ಣುಗುಡ್ಡೆ ಒಂದೇ ಸಮಯದಲ್ಲಿ ನಾಲ್ಕು ದಿಕ್ಕಿಗೂ ಹೊರಳಲಾರದು. ಆದುದರಿಂದ ಕಾರಣ ಕಣ್ಣುಗುಡ್ಡೆಯ ಹೊರಳಾಟದಲ್ಲಿಲ್ಲ. ನೋಟವನ್ನು ಅರ್ಥಮಾಡುವ ನರಗಳ ವ್ಯವಸ್ಥೆಯೊಳಗೇ ಇರಬೇಕು.

ಹಗ್ಗ ಜಗ್ಗಾಟದ ದೃಷ್ಟಾಂತ

ನಮ್ಮ ದೃಷ್ಟಿವ್ಯವಸ್ಥೆಯಲ್ಲಿ ಎಲ್ಲ ನರಕೋಶಗಳೂ ಒಂದೇ ಕೆಲಸವನ್ನು ಮಾಡುವುದಿಲ್ಲ. ಕೆಲವು ಬಣ್ಣಕ್ಕೆ, ಕೆಲವು ಗೆರೆಯ ಓರೆಗೆ, ಇನ್ನು ಕೆಲವು ಚಲನೆಯ ದಿಕ್ಕಿಗೆ ಸ್ಪಂದಿಸುತ್ತವೆ. ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು 1959ರಿಂದ ಮುಂದಕ್ಕೆ ಬೆಕ್ಕಿನ ಮಿದುಳಿನ ದೃಷ್ಟಿ ಪ್ರದೇಶವನ್ನು ಪರೀಕ್ಷಿಸಿ, ಒಂದು ದಿಕ್ಕಿನ ಚಲನೆಗೆ ಬಲವಾಗಿ ಸ್ಪಂದಿಸಿ ಅದರ ವಿರುದ್ಧ ದಿಕ್ಕಿಗೆ ಸುಮ್ಮನಿರುವ ಕೋಶಗಳನ್ನು ತೋರಿಸಿಕೊಟ್ಟರು. ದೃಷ್ಟಿವ್ಯವಸ್ಥೆಯ ಕುರಿತ ಸಂಶೋಧನೆಗಾಗಿ ಅವರಿಗೆ 1981ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಈ ಕೋಶಗಳು ಎದುರಿಗೆ ಯಾವ ಚಲನೆಯೂ ಇಲ್ಲದಿರುವಾಗಲೂ ಪೂರ್ಣವಾಗಿ ಮೌನವಾಗಿರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಸಣ್ಣ ಸಂಕೇತಗಳನ್ನು ಕಳುಹಿಸುತ್ತಲೇ ಇರುತ್ತವೆ. "ಕೆಳಮುಖ" ಕೋಶಗಳ ಸಂಕೇತವೂ "ಮೇಲ್ಮುಖ" ಕೋಶಗಳ ಸಂಕೇತವೂ ಸಮವಾಗಿದ್ದರೆ, ವಸ್ತು ನಿಂತಿದೆ ಎಂದು ಮಿದುಳು ತೀರ್ಮಾನಿಸುತ್ತದೆ. ಅಂದರೆ ನಿಶ್ಚಲತೆ ಎಂಬುದು ಸಂಕೇತಗಳ ಅಭಾವವಲ್ಲ, ಎರಡು ಸಂಕೇತಗಳ ಸಮತೋಲ. ಈ ಒಂದು ಮಾತು ಮನದಟ್ಟಾದರೆ ಉಳಿದುದೆಲ್ಲ ಸುಲಭ.

ಹಳ್ಳಿಯ ಹಬ್ಬಗಳಲ್ಲಿ ಹಗ್ಗ ಜಗ್ಗಾಟವನ್ನು ನಾವೆಲ್ಲ ನೋಡಿದ್ದೇವೆ. ಎರಡು ಪಕ್ಷಗಳೂ ಸಮಬಲದಿಂದ ಎಳೆಯುವಾಗ ಹಗ್ಗ ಇದ್ದಲ್ಲಿಯೇ ಇರುತ್ತದೆ. ಒಂದು ಪಕ್ಷದವರು ದಣಿದರೆಂದುಕೊಳ್ಳೋಣ. ಎದುರು ಪಕ್ಷದವರು ಮೊದಲಿಗಿಂತ ಒಂದಿಷ್ಟೂ ಹೆಚ್ಚು ಎಳೆಯದಿದ್ದರೂ ಹಗ್ಗ ಅವರ ಕಡೆಗೆ ಸರಿಯುತ್ತದೆ. ಜಲಪಾತದ ಎದುರಿನಲ್ಲಿ ನಡೆಯುವುದೂ ಇದೇ. ನೀರು ಬೀಳುತ್ತಿರುವಷ್ಟು ಹೊತ್ತು ಕೆಳಮುಖ ಕೋಶಗಳು ಎಡೆಬಿಡದೆ ದುಡಿಯುತ್ತವೆ. ಕ್ರಮೇಣ ಅವುಗಳ ಸ್ಪಂದನ ತಗ್ಗುತ್ತದೆ. ಮೇಲ್ಮುಖ ಕೋಶಗಳಿಗೆ ಕೆಲಸವಿಲ್ಲದುದರಿಂದ ಅವು ದಣಿದಿರುವುದಿಲ್ಲ. ನೋಟ ಬಂಡೆಯ ಮೇಲೆ ಬಿದ್ದಾಗ ದಣಿದ ಕೆಳಮುಖ ಕೋಶಗಳ ಸಂಕೇತ ವಿಶ್ರಾಂತಿಯ ಮಟ್ಟಕ್ಕಿಂತಲೂ ಕೆಳಗೆ ಇಳಿದಿರುತ್ತದೆ. ಉದಾಹರಣೆಗೆ, ಮೊದಲು ಎರಡೂ ಪಕ್ಷಗಳು ಹತ್ತು ಹತ್ತು ಸಂಕೇತಗಳನ್ನು ಕಳುಹಿಸುತ್ತಿದ್ದುವೆಂದು ಭಾವಿಸಿದರೆ, ಈಗ ಕೆಳಮುಖದಿಂದ ನಾಲ್ಕು, ಮೇಲ್ಮುಖದಿಂದ ಹತ್ತು ಬರುತ್ತವೆ. ಈ ವ್ಯತ್ಯಾಸವನ್ನು ಮಿದುಳು ತನಗೆ ತಿಳಿದ ಒಂದೇ ರೀತಿಯಲ್ಲಿ ಓದುತ್ತದೆ: ವಸ್ತು ಮೇಲೇರುತ್ತಿದೆ. ಕೋಶಗಳು ಚೇತರಿಸಿಕೊಂಡು ಸಮತೋಲ ಮರಳಿದಂತೆ ಬಂಡೆಯೂ ನಿಲ್ಲುತ್ತದೆ.

ಇದು ಕೇವಲ ಊಹೆಯಲ್ಲ. ಬಾರ್ಲೋ ಮತ್ತು ಹಿಲ್ ಎಂಬ ಇಬ್ಬರು ವಿಜ್ಞಾನಿಗಳು 1963ರಲ್ಲಿ ಮೊಲದ ಅಕ್ಷಿಪಟಲದ ಕೋಶಗಳ ಸಂಕೇತಗಳನ್ನು ಅಳೆದು ತೋರಿಸಿದರು. ಕೋಶಕ್ಕೆ ಪ್ರಿಯವಾದ ದಿಕ್ಕಿನಲ್ಲಿ ಚಿತ್ರವೊಂದು ಬಹಳ ಹೊತ್ತು ಚಲಿಸಿದಾಗ ಅದರ ಸ್ಪಂದನ ಇಳಿಯುತ್ತ ಹೋಯಿತು. ಚಲನೆ ನಿಂತಾಗ ಅದು ಸಹಜ ಮಟ್ಟಕ್ಕಿಂತಲೂ ಕೆಳಗೆ ಕುಸಿದು, ಸ್ವಲ್ಪ ಹೊತ್ತಿನ ನಂತರ ಚೇತರಿಸಿಕೊಂಡಿತು.

ಕಣ್ಣಿನಲ್ಲಿಯೋ, ಮಿದುಳಿನಲ್ಲಿಯೋ?

ಮೊಲದಲ್ಲಿ ಈ ಕೆಲಸ ಅಕ್ಷಿಪಟಲದಿಂದಲೇ ಆರಂಭವಾಗುತ್ತದೆ. ಮನುಷ್ಯನಲ್ಲಿ ಅದರ ಹೆಚ್ಚಿನ ಪಾಲು ಮಿದುಳಿನಲ್ಲಿ ನಡೆಯುತ್ತದೆ ಎಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ದಪ್ಪ ಕಾಗದವನ್ನು ಊಟದ ತಟ್ಟೆಯಷ್ಟು ದುಂಡಗೆ ಕತ್ತರಿಸಿ, ಕಪ್ಪು ಶಾಯಿಯಿಂದ ನಾಲ್ಕೈದು ಸುತ್ತಿನ ದಪ್ಪನೆಯ ಸುರುಳಿಯನ್ನು ಬರೆಯಿರಿ. ನಡುವೆ ಗುಂಡುಸೂಜಿಯನ್ನು ಚುಚ್ಚಿ ಒಂದು ಕೋಲಿಗೆ ಸಿಕ್ಕಿಸಿ, ಸೆಕೆಂಡಿಗೆ ಸುಮಾರು ಒಂದು ಸುತ್ತಿನಂತೆ ಒಂದೇ ದಿಕ್ಕಿಗೆ ತಿರುಗಿಸಲು ಮತ್ತೊಬ್ಬರಿಗೆ ಹೇಳಿರಿ. ಒಂದು ನಿಮಿಷ ನಡುಬಿಂದುವನ್ನು ನೋಡಿ, ಅನಂತರ ನಿಮ್ಮ ಅಂಗೈಯನ್ನು ನೋಡಿರಿ. ಅಂಗೈ ಉಬ್ಬುವಂತೆ ಅಥವಾ ಕುಗ್ಗುವಂತೆ ಕಾಣುವುದು.

ಸ್ವಲ್ಪ ವಿಶ್ರಾಂತಿಯ ನಂತರ ಎಡಗಣ್ಣನ್ನು ಮುಚ್ಚಿ ಬಲಗಣ್ಣಿನಿಂದ ಮಾತ್ರ ಸುರುಳಿಯನ್ನು ನೋಡಿರಿ. ಬಳಿಕ ಬಲಗಣ್ಣನ್ನು ಮುಚ್ಚಿ ಎಡಗಣ್ಣಿನಿಂದ ಅಂಗೈಯನ್ನು ನೋಡಿರಿ. ಸುರುಳಿಯನ್ನು ನೋಡಿಯೇ ಇರದ ಎಡಗಣ್ಣಿಗೂ ಭ್ರಮೆ ಕಾಣಿಸುತ್ತದೆ, ಸ್ವಲ್ಪ ಮಂದವಾಗಿ. ಎರಡು ಕಣ್ಣುಗಳ ಸಂಕೇತಗಳು ಒಂದುಗೂಡುವುದು ಮಿದುಳಿನ ಹಿಂಭಾಗದ ದೃಷ್ಟಿ ಪ್ರದೇಶದಲ್ಲಿ. ಆದುದರಿಂದ ದಣಿವಿನ ಒಂದು ದೊಡ್ಡ ಪಾಲು ಅಲ್ಲಿಯೇ ಉಂಟಾಗಿದೆ ಎಂದು ತಿಳಿಯುತ್ತದೆ. ಅಪಸ್ಮಾರ ಅಥವಾ ಅರೆತಲೆನೋವು ಇರುವವರು ಈ ಪರೀಕ್ಷೆಯನ್ನು ಮಾಡಬಾರದು. ಸುತ್ತುವ ಪಟ್ಟೆಗಳು ಕೆಲವರಲ್ಲಿ ಆ ತೊಂದರೆಗಳನ್ನು ಕೆರಳಿಸಬಲ್ಲವು.

ಗಮನಿಸಿ ನೋಡಿದವರಿಗೆ ಇನ್ನೊಂದು ಸೋಜಿಗ ಕಾಣುವುದು. ಬಂಡೆ ಮೇಲೇರುತ್ತಿದ್ದರೂ ಅದು ಎಲ್ಲಿಗೂ ಹೋಗಿ ಮುಟ್ಟುವುದಿಲ್ಲ. ಅದರ ಮೇಲಿನ ಗಿಡ ಇದ್ದ ಸ್ಥಳದಲ್ಲಿಯೇ ಇರುತ್ತದೆ. ಚಲನೆಯನ್ನು ಅರಿಯುವ ವ್ಯವಸ್ಥೆಯೂ ಸ್ಥಾನವನ್ನು ಅರಿಯುವ ವ್ಯವಸ್ಥೆಯೂ ಮಿದುಳಿನಲ್ಲಿ ಬಹುಮಟ್ಟಿಗೆ ಬೇರೆ ಬೇರೆಯಾಗಿರುವುದೇ ಇದಕ್ಕೆ ಕಾರಣ. ಈ ಪ್ರತ್ಯೇಕತೆಗೆ ವೈದ್ಯಶಾಸ್ತ್ರದಲ್ಲಿ ಮನಕಲಕುವ ಸಾಕ್ಷ್ಯವೊಂದಿದೆ. 1983ರಲ್ಲಿ ಜರ್ಮನಿಯ ವೈದ್ಯರು ಒಬ್ಬ ಮಹಿಳೆಯ ಸ್ಥಿತಿಯನ್ನು ವರದಿ ಮಾಡಿದರು. ಮಿದುಳಿನ ಹಿಂಭಾಗದಲ್ಲಿ ಎರಡೂ ಪಾರ್ಶ್ವಗಳಿಗೆ ಹಾನಿಯಾಗಿದ್ದ ಆಕೆಗೆ ಬಣ್ಣ, ಆಕಾರಗಳು ಕಾಣುತ್ತಿದ್ದವು. ಚಲನೆ ಮಾತ್ರ ಕಾಣುತ್ತಿರಲಿಲ್ಲ. ಬಟ್ಟಲಿಗೆ ಚಹಾ ಸುರಿಯುವಾಗ ಧಾರೆ ಹೆಪ್ಪುಗಟ್ಟಿದಂತೆ ತೋರುತ್ತಿತ್ತು. ತುಂಬುತ್ತಿರುವುದು ತಿಳಿಯದೆ ಚಹಾ ಹೊರಚೆಲ್ಲುತ್ತಿತ್ತು. ದೂರದಲ್ಲಿದ್ದ ವಾಹನ ಮರುಗಳಿಗೆ ಹತ್ತಿರದಲ್ಲಿರುತ್ತಿದ್ದುದರಿಂದ ಆಕೆಗೆ ರಸ್ತೆಯನ್ನು ದಾಟುವುದೇ ದುಸ್ತರವಾಗಿತ್ತು. ನಾವು ಗಮನಿಸದೆಯೇ ಅನುಭವಿಸುವ ಚಲನೆಯ ಅರಿವು ಎಷ್ಟು ದೊಡ್ಡ ಭಾಗ್ಯವೆಂಬುದು ಇದರಿಂದ ತಿಳಿಯುತ್ತದೆ.

ದಣಿವಲ್ಲ, ಜಾಣತನ

ಇಷ್ಟು ಹೊತ್ತು "ದಣಿವು" ಎಂಬ ಮಾತನ್ನು ಸೌಲಭ್ಯಕ್ಕಾಗಿ ಬಳಸಿದೆವು. ನಿಜವಾಗಿ ಇದು ಇಂದ್ರಿಯಗಳ ಒಗ್ಗುವಿಕೆ. ಊದಿನಕಡ್ಡಿ ಹಚ್ಚಿದ ಕೋಣೆಯೊಳಗೆ ಕುಳಿತವರಿಗೆ ಸ್ವಲ್ಪ ಹೊತ್ತಿನಲ್ಲಿ ಪರಿಮಳ ತಿಳಿಯದಂತಾಗುತ್ತದೆ. ಹೊರಗಿನಿಂದ ಬಂದವರಿಗೆ ತಿಳಿಯುತ್ತದೆ. ಒಂದು ಕೈಯನ್ನು ಬಿಸಿನೀರಿನಲ್ಲಿಯೂ ಇನ್ನೊಂದನ್ನು ತಣ್ಣೀರಿನಲ್ಲಿಯೂ ಇಟ್ಟಿದ್ದು, ಬಳಿಕ ಎರಡನ್ನೂ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದರೆ ಒಂದೇ ನೀರು ಒಂದು ಕೈಗೆ ತಂಪಾಗಿ, ಇನ್ನೊಂದಕ್ಕೆ ಬಿಸಿಯಾಗಿ ತೋರುತ್ತದೆ. ಬದಲಾಗದೆ ಇರುವುದನ್ನು ಬದಿಗೊತ್ತಿ ಹೊಸದನ್ನು ಕೂಡಲೇ ಗುರುತಿಸುವುದು ಇಂದ್ರಿಯಗಳ ಸ್ವಭಾವ. ಆ ಒಗ್ಗುವಿಕೆ ಬಿಡಲು ಬೇಕಾಗುವ ಕೆಲವು ಕ್ಷಣಗಳೇ ನಮಗೆ ಭ್ರಮೆಯಾಗಿ ಕಾಣುತ್ತವೆ.

ಚರಕ ಸಂಹಿತೆಯು ರೋಗಕಾರಣಗಳಲ್ಲಿ ಒಂದಾಗಿ ಇಂದ್ರಿಯಗಳಿಗೂ ಅವುಗಳ ವಿಷಯಗಳಿಗೂ ಆಗುವ ಅಸಾತ್ಮ್ಯ ಸಂಯೋಗವನ್ನು ಹೇಳಿ, ಅದನ್ನು ಅತಿಯೋಗ, ಅಯೋಗ, ಮಿಥ್ಯಾಯೋಗ ಎಂದು ವಿಂಗಡಿಸುತ್ತದೆ. ಅತಿಯಾಗಿ ಹೊಳೆಯುವುದನ್ನು ಅತಿಯಾಗಿ ನೋಡುವುದು, ಏನನ್ನೂ ನೋಡದಿರುವುದು, ಅತಿ ಸಮೀಪದ ಅಥವಾ ಅತಿ ದೂರದ ವಸ್ತುಗಳನ್ನು ನೋಡುವುದು, ಇವು ಕಣ್ಣಿನ ವಿಷಯದಲ್ಲಿ ಕೊಟ್ಟಿರುವ ಉದಾಹರಣೆಗಳು. ಜಲಪಾತ ಭ್ರಮೆಯನ್ನು ಚರಕನು ವರ್ಣಿಸಿದ್ದಾನೆಂದು ನಾವು ಹೇಳುತ್ತಿಲ್ಲ. ಆದರೆ ಇಂದ್ರಿಯಕ್ಕೂ ವಿಷಯಕ್ಕೂ ಮಿತವಾದ ಸಂಬಂಧವಿರಬೇಕೆಂಬ ಆ ವಿವೇಕ, ಗಂಟೆಗಟ್ಟಲೆ ಮೊಬೈಲಿನ ಪರದೆಯನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಕೂರುವ ಈ ಕಾಲಕ್ಕೆ ಬಹಳ ಹೊಂದುತ್ತದೆ. ಹಾಗೆ ಬಹಳ ಹೊತ್ತು ನೋಡಿದವರಿಗೆ ನಿಂತ ಅಕ್ಷರಗಳು ಕೆಳಕ್ಕೆ ಜಾರುವಂತೆ ತೋರಿದರೆ ಅದೂ ಇದೇ ಭ್ರಮೆ. ಅದರಿಂದ ಹಾನಿಯಿಲ್ಲ; ಕಣ್ಣಿಗೆ ಬಿಡುವು ಬೇಕೆಂಬುದಕ್ಕೆ ಗುರುತೆಂದು ಭಾವಿಸಿ, 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸವನ್ನು ಇಟ್ಟುಕೊಳ್ಳುವುದು ಲೇಸು.

ಹೆದ್ದಾರಿಯಲ್ಲಿ ಎಚ್ಚರ

ಭ್ರಮೆ ತಾನಾಗಿ ನಿರುಪದ್ರವಿ. ಅದನ್ನು ನಂಬಿ ನಡೆದರೆ ಅಪಾಯವಿದೆ. ಮುಖ್ಯವಾಗಿ ವಾಹನ ನಡೆಸುವವರು ಇದನ್ನು ತಿಳಿದಿರಬೇಕು. ಹೆದ್ದಾರಿಯಲ್ಲಿ ಬಹಳ ಹೊತ್ತು ವೇಗವಾಗಿ ಹೋದಾಗ, ಎದುರಿನಿಂದ ಹರಿದುಬರುವ ದೃಶ್ಯಕ್ಕೆ ಕಣ್ಣು ಒಗ್ಗಿಹೋಗುತ್ತದೆ. ಬಳಿಕ ಊರಿನ ಅಡ್ಡರಸ್ತೆಗೆ ತಿರುಗುವಾಗ ವಾಹನ ನಿಜವಾಗಿ ಇರುವುದಕ್ಕಿಂತ ನಿಧಾನವಾಗಿ ಹೋಗುತ್ತಿರುವಂತೆ ತೋರುತ್ತದೆ. "ಸಾಕಷ್ಟು ನಿಧಾನಿಸಿದ್ದೇನೆ" ಎಂಬ ಭಾವನೆಯಲ್ಲಿಯೇ ಚಾಲಕನು ತಿರುವಿಗೆ ಅತಿ ವೇಗದಿಂದ ನುಗ್ಗುತ್ತಾನೆ. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಇದಕ್ಕೆ ಉಪಾಯವಾಗಿ, ಹೆದ್ದಾರಿ ಮುಗಿಯುವ ವೃತ್ತಗಳ ಮುಂದೆ ರಸ್ತೆಗೆ ಅಡ್ಡಲಾಗಿ ಗೆರೆಗಳನ್ನು ಬರೆದು, ವೃತ್ತ ಸಮೀಪಿಸಿದಂತೆ ಗೆರೆಗಳ ನಡುವಣ ಅಂತರವನ್ನು ಕಡಿಮೆ ಮಾಡಿದರು. ಗೆರೆಗಳು ಬೇಗಬೇಗನೆ ಹಾದುಹೋಗುವಾಗ ವೇಗ ಹೆಚ್ಚಿದಂತೆ ತೋರಿ ಚಾಲಕನು ತಾನಾಗಿಯೇ ನಿಧಾನಿಸುತ್ತಾನೆ.

ಜಾತ್ರೆ, ಉತ್ಸವಗಳಿಗೆ ದೂರದ ಊರುಗಳಿಂದ ವಾಹನಗಳಲ್ಲಿ ಬರುವ ಭಕ್ತರು ಆದುದರಿಂದ ಎರಡು ನಿಯಮಗಳನ್ನು ಪಾಲಿಸಬೇಕು. ಹೆದ್ದಾರಿಯನ್ನು ಬಿಟ್ಟು ಊರೊಳಗೆ ಬರುವಾಗ ಮನಸ್ಸಿನ ಅಂದಾಜನ್ನು ನಂಬದೆ ವೇಗ ತೋರಿಸುವ ಮುಳ್ಳನ್ನೇ ನೋಡಬೇಕು. ವಯಸ್ಸಾದವರು ಬಸ್ಸು ನಿಂತೊಡನೆ ಇಳಿಯದೆ, ನಿಂತ ವಸ್ತುವೊಂದನ್ನು ಅರ್ಧ ನಿಮಿಷ ನೋಡಿ, ಕಂಬಿಯನ್ನು ಹಿಡಿದು ಇಳಿಯಬೇಕು. ಹಾಗೆಯೇ ಜಲಪಾತದ ಎದುರಿನಲ್ಲಿ ಈ ಭ್ರಮೆಯನ್ನು ಪರೀಕ್ಷಿಸುವವರು ಕಟಾಂಜನದ ಒಳಗೆ ನಿಂತೇ ಪರೀಕ್ಷಿಸಬೇಕು. ಪಾಚಿ ಕಟ್ಟಿದ ಬಂಡೆಯ ಮೇಲೆ ನಿಂತು ಎಂದಿಗೂ ಅಲ್ಲ.

ಯಾವುದು ಸಹಜ, ಯಾವುದು ರೋಗ?

ಸಹಜವಾದ ಭ್ರಮೆಗೆ ನಾಲ್ಕು ಲಕ್ಷಣಗಳಿವೆ. ಚಲಿಸುವುದನ್ನು ಬಹಳ ಹೊತ್ತು ನೋಡಿದ ಮೇಲೆ ಮಾತ್ರ ಅದು ಬರುತ್ತದೆ. ನೋಡಿದ ಚಲನೆಗೆ ವಿರುದ್ಧವಾದ ದಿಕ್ಕಿನಲ್ಲಿರುತ್ತದೆ. ಸಾಮಾನ್ಯವಾಗಿ ಅರ್ಧ ನಿಮಿಷದೊಳಗೆ ಅಡಗುತ್ತದೆ. ವಾಂತಿ, ತೂರಾಟ, ತಲೆನೋವುಗಳು ಅದರೊಡನೆ ಇರುವುದಿಲ್ಲ. ಈ ನಾಲ್ಕೂ ಕೂಡಿದ್ದರೆ ಯಾವ ಔಷಧವೂ ಬೇಡ.

ಏನನ್ನೂ ನೋಡದೆಯೇ ಕೋಣೆ ಸುತ್ತಿದಂತಾದರೆ ಅದು ಬೇರೆ. ನಮ್ಮ ಶಾಸ್ತ್ರದಲ್ಲಿ ಇದನ್ನೇ "ಭ್ರಮ" ಎಂಬ ವ್ಯಾಧಿಯೆಂದು ಕರೆದು, ರಜೋಗುಣದೊಡನೆ ಪಿತ್ತವಾತಗಳನ್ನು ಕಾರಣವಾಗಿ ಹೇಳಿದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಕೆಲವು ಕ್ಷಣ ಬರುವ ತಲೆಸುತ್ತು ಸಾಮಾನ್ಯವಾಗಿ ಒಳಕಿವಿಯ ಸೂಕ್ಷ್ಮ ಹರಳುಗಳು ಸ್ಥಳ ತಪ್ಪಿದುದರಿಂದ ಆಗುತ್ತದೆ; ತಜ್ಞ ವೈದ್ಯರು ತಲೆಯನ್ನು ಕ್ರಮವಾಗಿ ತಿರುಗಿಸುವ ಚಿಕಿತ್ಸೆಯಿಂದಲೇ ಅನೇಕರಲ್ಲಿ ಅದನ್ನು ಸರಿಪಡಿಸುತ್ತಾರೆ. ಕಿವಿ ಮಂದವಾಗಿ, ಗುಂಯ್‌ಗುಟ್ಟುವ ಸದ್ದಿನೊಡನೆ ತಲೆ ಸುತ್ತಿದರೆ ಕಿವಿಯ ಪರೀಕ್ಷೆ ಅಗತ್ಯ. ನಡೆಯುವಾಗಲೆಲ್ಲ ದೃಶ್ಯ ಕುಣಿದಂತೆ ಕಾಣುತ್ತಿದ್ದರೆ ಸಮತೋಲದ ನರಗಳ ಪರೀಕ್ಷೆಯಾಗಬೇಕು. ರಕ್ತಹೀನತೆ, ಸಕ್ಕರೆಯ ಅಂಶ ಇಳಿಯುವುದು, ರಕ್ತದೊತ್ತಡದ ಮಾತ್ರೆಗಳ ಪ್ರಮಾಣ ಹೆಚ್ಚಾಗುವುದು ಕೂಡ ಕಾರಣವಾಗಬಹುದು.

ಎರಡು ಸಂದರ್ಭಗಳಲ್ಲಿ ಮನೆಮದ್ದನ್ನು ಸರ್ವಥಾ ಮಾಡಕೂಡದು. ಒಂದು: ತಲೆಸುತ್ತಿನೊಡನೆ ಬಾಯಿ ಓರೆಯಾಗುವುದು, ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಒಂದು ಪಾರ್ಶ್ವದ ಕೈಕಾಲು ಸೋಲುವುದು, ನಿಲ್ಲಲಾಗದಿರುವುದು. ಇವು ಲಕ್ವದ ಸೂಚನೆಗಳು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗಿರುವುದರಿಂದ, ಸ್ಕ್ಯಾನಿಂಗ್ ಸೌಕರ್ಯವಿರುವ ಆಸ್ಪತ್ರೆಗೆ ಕೂಡಲೇ ಸಾಗಿಸಬೇಕು. ನಮ್ಮಂತಹ ಆಯುರ್ವೇದ ವೈದ್ಯರ ಬಳಿಗೆ ಆ ಹೊತ್ತಿನಲ್ಲಿ ಬರುವುದು ಬೇಡ. ಆನಂತರದ ಪಥ್ಯ, ಅಭ್ಯಂಗಗಳಿಗೆ ಬರಬಹುದು. ಎರಡು: ಕಣ್ಣಿನ ಮುಂದೆ ಇದ್ದಕ್ಕಿದ್ದಂತೆ ಮಿಂಚು ಹೊಳೆದಂತಾಗಿ, ಕಪ್ಪು ಚುಕ್ಕೆಗಳು ತೇಲಿ, ಒಂದು ಕಡೆಯಿಂದ ಪರದೆ ಇಳಿದಂತಾದರೆ ಅದು ಅಕ್ಷಿಪಟಲ ಕಳಚುತ್ತಿರುವ ಲಕ್ಷಣವಾಗಿರಬಹುದು. ಅದೇ ದಿನ ನೇತ್ರತಜ್ಞರನ್ನು ಕಾಣಬೇಕು.

ನಿಂತ ಬಂಡೆ ಮೇಲೇರುವಂತೆ ಕಂಡರೆ ಕಣ್ಣು ಕೆಟ್ಟಿದೆಯೆಂದು ತಿಳಿಯಬೇಕಾಗಿಲ್ಲ. ದೃಷ್ಟಿವ್ಯವಸ್ಥೆ ತನ್ನ ಕೆಲಸವನ್ನು ಮಾಡುತ್ತಿದೆಯೆಂದೇ ತಿಳಿಯಬೇಕು. ಅರ್ಧ ನಿಮಿಷ ಕಾದು ನೋಡಿರಿ. ಬಂಡೆ ನಿಂತರೆ ನಿಶ್ಚಿಂತರಾಗಿರಿ. ನಿಲ್ಲದಿದ್ದರೆ ವೈದ್ಯರ ಬಳಿಗೆ ಹೊರಡಿರಿ. ಮೇಲೆ ಹೇಳಿದ ಲಕ್ವದ ಸೂಚನೆಗಳಲ್ಲಿ ಒಂದು ಕಂಡರೂ ಆ ಅರ್ಧ ನಿಮಿಷವನ್ನೂ ಕಾಯಬೇಡಿರಿ.